ಹಳೇ ಡೀಸೆಲ್ ಕಾರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಲು ಬಿಡಬೇಡಿ

ಮನೆಯಲ್ಲಿ ಹಳೇ ಡೀಸೆಲ್ ಕಾರು ಇರುವವರು ದಯವಿಟ್ಟು ಓದಿ. ಚಳಿಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಇಂಜಿನ್ನಿಗೆ ಗಾಳಿ ಹೋಗುವ ಏರ್ ಪೈಪಿನೊಳಗೆ ಸ್ಟಾರ್ಟಿಂಗ್ ಸ್ಪ್ರೇ (ಬೇಗ ಹೊತ್ತಿಕೊಳ್ಳುವ ಈಥರ್ ಇರುವ ಸ್ಪ್ರೇ) ಹೊಡೆಯಲು ಯಾರಿಗೂ ಬಿಡಬೇಡಿ. ಅಲ್ಲಿ ಪೆಟ್ರೋಲ್‌ನಲ್ಲಿ ನೆನೆಸಿದ ಬಟ್ಟೆ ಹಿಡಿಯಲೂ ಬಿಡಬೇಡಿ.

ಅಪ್ಪನ ಕಾರು ಹಾಳಾಗಿದ್ದು ಹೀಗೇ. ನಾವಿರುವುದು ಯಲಹಂಕದಲ್ಲಿ. ಜನವರಿ ಬೆಳಗ್ಗೆ ಇಲ್ಲಿ ಚಳಿ ಸ್ವಲ್ಪ ಜಾಸ್ತಿಯೇ. ಕೀ ತಿರುಗಿಸಿದರೆ ಇಂಜಿನ್ ಸುತ್ತುತ್ತಿತ್ತು, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿತ್ತು, ಆದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಕರೆಸಿದ ಮೆಕ್ಯಾನಿಕ್ ಬಾನೆಟ್ ಎತ್ತಿದವನೇ ಸ್ಪ್ರೇ ಡಬ್ಬಿ ಅಲ್ಲಾಡಿಸಿದ. "ಹೀಟರ್ ಪ್ಲಗ್ ಮೊದಲು ನೋಡಪ್ಪಾ" ಎಂದರು ಅಪ್ಪ. "ಒಂದ್ನಿಮಿಷ ಸಾರ್, ಈಗ ಆಗುತ್ತೆ" ಎಂದವನು ಹೊಡೆದೇಬಿಟ್ಟ. ಢಮ್ ಎಂದಿತು. ಏರ್ ಪೈಪ್ ಕಿತ್ತುಕೊಂಡು ಬಂತು. ಆಮೇಲೆ ಸ್ಟಾರ್ಟೇನೋ ಆಯಿತು, ಆದರೆ ಒಳಗಿನಿಂದ ಕಟಕಟ ಸದ್ದು ನಿಲ್ಲಲೇ ಇಲ್ಲ. ಬೇರೆ ಕಡೆ ಇಂಜಿನ್ ಬಿಚ್ಚಿಸಿದರೆ, ಒಂದು ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚೇ ಮುರಿದಿತ್ತು. ಆ ಚೂರು ಸಿಲಿಂಡರ್ ಗೋಡೆಯನ್ನು ಉದ್ದಕ್ಕೂ ಗೀರಿತ್ತು.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಇಂಜಿನ್ ತಣ್ಣಗಿದ್ದರೆ ಆ ಬಿಸಿಯನ್ನು ಲೋಹವೇ ಹೀರಿಬಿಡುತ್ತದೆ. ಅದಕ್ಕೇ ಒಳಗೆ ಬಿಸಿ ಕೊಡಲು ಪ್ರತಿ ಸಿಲಿಂಡರ್‌ಗೆ ಒಂದರಂತೆ ಹೀಟರ್ ಪ್ಲಗ್ ಇರುವುದು. ಅದರ ತುದಿ 800 ಡಿಗ್ರಿ ದಾಟಿ ಕಾಯುತ್ತದೆ. ಸ್ಪ್ರೇಯಲ್ಲಿರುವ ಈಥರ್‌ಗೆ ಅಷ್ಟೆಲ್ಲ ಬಿಸಿ ಬೇಕಿಲ್ಲ. ನಾಲ್ಕರಲ್ಲಿ ಒಂದು ಪ್ಲಗ್ ಕಾದಿದ್ದರೂ ಸಾಕು, ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಸಿಡಿದು ಅದರ ತಲೆಗೆ ಬಡಿಯುತ್ತದೆ.

ಬೆಂಗಳೂರಿನಲ್ಲಿ ಇದರ ಅಗತ್ಯವೇ ಇಲ್ಲ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಲಡಾಖ್‌ನ ಹಾಗೆ ಡೀಸೆಲ್ ಹೆಪ್ಪುಗಟ್ಟುವ ಚಳಿ ಇದಲ್ಲ ಅಲ್ವಾ? ಹಾಗಾಗಿ ಡೀಸೆಲ್ ಹೆಪ್ಪುಗಟ್ಟದಿರಲು ಅದಕ್ಕೆ ಸೀಮೆಎಣ್ಣೆ ಬೆರೆಸಿ ಎನ್ನುವವರ ಮಾತನ್ನೂ ಕೇಳಬೇಡಿ.

ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಹೀಟರ್ ಪ್ಲಗ್, ಅದಕ್ಕೆ ಕರೆಂಟ್ ಬಿಡುವ ರಿಲೇ, ಬ್ಯಾಟರಿ ನೋಡಿಸಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಲೈನಿನಲ್ಲಿ ಗಾಳಿ ಸೇರಿರಬಹುದು. ಪ್ಲಗ್ ಪರೀಕ್ಷೆ ಸುಲಭ. ಅದರ ವೈರ್ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಪ್ಲಗ್ಗಿನ ತಲೆಗೆ ಮುಟ್ಟಿಸಿ. ಲ್ಯಾಂಪ್ ಹತ್ತದಿದ್ದರೆ ಆ ಪ್ಲಗ್ ಸತ್ತಿದೆ. ಹೊಸದು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ. ನಾಲ್ಕನ್ನೂ ಒಟ್ಟಿಗೇ ಬದಲಾಯಿಸುವುದು ಒಳ್ಳೆಯದು.

ಡಬ್ಬಿ ಹಿಡಿದು ಬಂದವರು ಎಷ್ಟೇ ಒತ್ತಾಯ ಮಾಡಲಿ, ಬಾನೆಟ್ ಮುಚ್ಚಿ ಕಾರನ್ನು ಟೋ ಮಾಡಿಸಿ.