ಬೋರ್ಡ್ ಇಲ್ಲದ ಬ್ಯಾಸ್ಕೆಟ್‌ಬಾಲ್ ಕ್ಲಾಸ್: ವಿದ್ಯಾನಗರದಲ್ಲಿ ಒಂದೂವರೆ ವರ್ಷ

ದಾವಣಗೆರೆಯಲ್ಲಿ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಲು ಎಲ್ಲಿಗೆ ಕಳಿಸಬೇಕು ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮಗಳು ಈಗ ಏಳನೇ ತರಗತಿ. ವಿದ್ಯಾನಗರದ ಕಡೆ ಒಂದು ಸಿಮೆಂಟ್ ಕೋರ್ಟ್‌ನಲ್ಲಿ ಸಂಜೆ 5ರಿಂದ 6:45ರವರೆಗೆ ನಡೆಯುವ ಕ್ಲಾಸಿಗೆ ಒಂದೂವರೆ ವರ್ಷದಿಂದ ಹೋಗುತ್ತಿದ್ದಾಳೆ. ಬೋರ್ಡ್ ಇಲ್ಲ, ಹೆಸರೂ ಇಲ್ಲ. 'ಸರ್ ಕ್ಲಾಸ್' ಅಂದರೆ ಸುತ್ತಮುತ್ತ ಎಲ್ಲರಿಗೂ ಗೊತ್ತು. ಫೀಸು ತಿಂಗಳಿಗೆ 800 ರೂಪಾಯಿ. ಸರ್ಕಾರಿ ಶಾಲೆ ಮಕ್ಕಳಿಂದ ಸರ್ ಫೀಸು ತಗೊಳ್ಳುವುದಿಲ್ಲ.

ಮೊದಲ ದಿನ ಹೋದಾಗ ಕೋರ್ಟ್‌ನಲ್ಲಿ ದೊಡ್ಡ ಹುಡುಗರು ಆಡುತ್ತಿದ್ದರು. ಒಳ್ಳೇ ಆಟ. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಸರ್ ಪಕ್ಕಕ್ಕೆ ಬಂದು, "ಮೇಡಂ, ಇವ್ರನ್ನ ನೋಡಿ ಮಗಳನ್ನ ಸೇರಿಸಬ್ಯಾಡ್ರಿ. ಪರೀಕ್ಷೆ ಮುಗಿದ್ರೆ ಇವ್ರು ಯಾರೂ ಇರಲ್ಲ. ಆ ಮೂಲ್ಯಾಗೆ ಸಣ್ಣವು ಆಡ್ತಾವಲ್ಲ, ಅವನ್ನ ನೋಡ್ರಿ" ಅಂದರು. ಮೂಲೆಯಲ್ಲಿ ಮೂರನೇ, ನಾಲ್ಕನೇ ತರಗತಿಯ ಹನ್ನೊಂದು ಮಕ್ಕಳಿದ್ದವು. ಕೈಯಲ್ಲಿ 5ನೇ ಸೈಜಿನ ಚೆಂಡು. ಓಡಿ ಬರುವುದು, ಎರಡೂ ಕಾಲು ಒಟ್ಟಿಗೆ ಊರಿ ತಟ್ಟನೆ ನಿಲ್ಲುವುದು, ಒಂದು ಕಾಲು ಎತ್ತದೆ ತಿರುಗುವುದು. ಅಷ್ಟೇ. ರಿಂಗಿನ ಕಡೆ ಯಾರೂ ತಲೆ ಎತ್ತಲಿಲ್ಲ.

ಆ ಮಾತು ನನಗೆ ನಾಟಿತು. ಅದಕ್ಕೆ ಕಾರಣ ಇದೆ.

ತೊಂಬತ್ತರ ದಶಕದಲ್ಲಿ ನಾನೂ ಒಂದು ಡಿಗ್ರಿ ಕಾಲೇಜಿನ ತಂಡದಲ್ಲಿದ್ದೆ. ಆಗ ಇಲ್ಲಿನ ಕಾಲೇಜುಗಳೆಲ್ಲ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ನಮ್ಮ ಕಾಲೇಜಿನವರು ಬೇರೆ ಊರುಗಳಿಂದ ನಾಲ್ಕು ಹುಡುಗಿಯರನ್ನು ಫೀಸು ಬಿಟ್ಟು, ಹಾಸ್ಟೆಲ್ ಕೊಟ್ಟು ಕರೆತಂದಿದ್ದರು. ನಾಲ್ವರೂ ನನಗಿಂತ ಒಂದು ವರ್ಷ ಮುಂದೆ. ಎರಡು ವರ್ಷ ಕಪ್ ನಮ್ಮದೇ. ಪ್ರಿನ್ಸಿಪಾಲರ ಕೋಣೆಯಲ್ಲಿ ಫೋಟೋ ತೂಗಿ ಹಾಕಿದರು. ಮೂರನೇ ವರ್ಷ ನಾಲ್ವರೂ ಡಿಗ್ರಿ ಮುಗಿಸಿ ಹೋದರು. ಅವರ ಹಿಂದೆ ಯಾರನ್ನೂ ತಂದಿರಲಿಲ್ಲ, ಯಾರನ್ನೂ ತಯಾರು ಮಾಡಿರಲಿಲ್ಲ. ಐದನೆಯವಳು ಸಿಗದೆ ಕಬಡ್ಡಿ ಆಡುವ ಗೆಳತಿಗೆ ಶೂ ಹಾಕಿಸಿ ನಿಲ್ಲಿಸಿದೆವು. ಮೊದಲ ಪಂದ್ಯದಲ್ಲೇ ಸೋತೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆ ವರ್ಷ ಕ್ಯಾಪ್ಟನ್ ನಾನು.

ಆಮೇಲೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಬಗ್ಗೆ ಓದುವ ಅಭ್ಯಾಸ ಹತ್ತಿತು. ನಮಗಾಗಿದ್ದು ಅಲ್ಲಿನ ದೊಡ್ಡ ದೊಡ್ಡ ಕಾಲೇಜುಗಳಿಗೂ ಆಗಿದೆ. ಕೆಂಟಕಿ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಚಾಂಪಿಯನ್. ತಂಡದ ಜೀವ ಆಂಥನಿ ಡೇವಿಸ್, ಇನ್ನೂ ಮೊದಲ ವರ್ಷದ ಹುಡುಗ. ಅದೇ ಬೇಸಿಗೆಯಲ್ಲಿ ಆ ತಂಡದಿಂದ ಆರು ಜನ ಎನ್‌ಬಿಎಗೆ, ಅಂದರೆ ಅಲ್ಲಿನ ವೃತ್ತಿಪರ ಲೀಗ್‌ಗೆ ಹೋದರು. ಮರುವರ್ಷ ಹೊಸ ಹುಡುಗರನ್ನು ತಂದರು, ಅವರೂ ಹೆಸರು ಮಾಡಿದವರೇ. ಆದರೂ ಮುಖ್ಯ ಟೂರ್ನಿಗೆ ಜಾಗವೇ ಸಿಗಲಿಲ್ಲ. ಎರಡನೇ ದರ್ಜೆಯ ಟೂರ್ನಿಯಲ್ಲಿ ರಾಬರ್ಟ್ ಮಾರಿಸ್ ಎಂಬ ಚಿಕ್ಕ ಕಾಲೇಜಿನ ಎದುರು ಮೊದಲ ಪಂದ್ಯದಲ್ಲೇ 59-57ಕ್ಕೆ ಸೋತರು. 2014ರಲ್ಲಿ ಮತ್ತೆ ಹೊಸಬರ ದಂಡು ಬಂತು, ಮತ್ತೆ ಫೈನಲ್. ಏರಿಳಿತ ಅಂದರೆ ಇದು. ಪ್ರತಿ ವರ್ಷ ಹೊಸದಾಗಿ ಕಟ್ಟುವ ತಂಡ ಯಾವ ವರ್ಷ ಕುಸಿಯುತ್ತದೆ ಅಂತ ಯಾರಿಗೂ ಹೇಳಲು ಬರುವುದಿಲ್ಲ.

ಕೋಚ್ ಜಾನ್ ವುಡನ್ ಅವರ ಯುಸಿಎಲ್‌ಎ (ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯ) ಇದಕ್ಕೆ ಪೂರ್ತಿ ಬೇರೆ. 1964ರಿಂದ 1975ರವರೆಗೆ 12 ವರ್ಷದಲ್ಲಿ 10 ಕಪ್. 1965ರಲ್ಲಿ ನ್ಯೂಯಾರ್ಕಿನಿಂದ ಲ್ಯೂ ಅಲ್ಸಿಂಡರ್ ಬಂದರು. ಮುಂದೆ ಕರೀಂ ಅಬ್ದುಲ್-ಜಬ್ಬಾರ್ ಆದವರು ಇವರೇ. ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವಂತಿಲ್ಲ ಅಂತ ಆಗ ನಿಯಮ. ಆ ಹೊಸಬರ ತಂಡ ಅಭ್ಯಾಸ ಪಂದ್ಯದಲ್ಲಿ, ಹಾಲಿ ಚಾಂಪಿಯನ್ನರಾಗಿದ್ದ ತಮ್ಮದೇ ಸೀನಿಯರ್‌ಗಳನ್ನು 75-60ರಲ್ಲಿ ಸೋಲಿಸಿತು. ಒಂದು ವರ್ಷ ಕಾದರು, ಆಮೇಲೆ ಸತತ 3 ಕಪ್ ಗೆದ್ದರು. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು 1970 ಮತ್ತು 1971. ಅಲ್ಸಿಂಡರ್ ಹೋದ ಮೇಲೂ ಗೆದ್ದರು. ಏಕೆಂದರೆ ಅವರಿದ್ದಾಗಲೇ ಮುಂದಿನವರು ತಯಾರಾಗುತ್ತಿದ್ದರು. ಆಮೇಲೆ ಬಿಲ್ ವಾಲ್ಟನ್ ಎಂಬ ಇನ್ನೊಬ್ಬ ದೊಡ್ಡ ಆಟಗಾರ ಬಂದರು.

ಈಗ ಅಲ್ಲಿ ಕಾಲ ಬದಲಾಗಿದೆ. 2021ರಿಂದ ಆಟಗಾರರು ಒಂದು ವರ್ಷ ಸುಮ್ನೆ ಕೂರದೆ ಕಾಲೇಜು ಬದಲಿಸಬಹುದು, ತಮ್ಮ ಹೆಸರಿನಿಂದ ದುಡ್ಡೂ ಮಾಡಬಹುದು. 2025ರ ಫೈನಲ್ ನಮಗೆ ಏಪ್ರಿಲ್ 8ರ ಬೆಳಿಗ್ಗೆ. ಮಗಳ ಡಬ್ಬಿ ಕಟ್ಟುತ್ತಾ ಸ್ಕೋರ್ ನೋಡುತ್ತಿದ್ದೆ. 12 ಪಾಯಿಂಟ್ ಹಿಂದಿದ್ದ ಫ್ಲೋರಿಡಾ ವಿಶ್ವವಿದ್ಯಾಲಯ 65-63ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ವಿರುದ್ಧ ಗೆದ್ದಿತು. ಕೊನೆಯ ಕ್ಷಣದಲ್ಲಿ ಎದುರಾಳಿ ಶೂಟ್ ಮಾಡಲು ಎಗರಿದಾಗ ಫ್ಲೋರಿಡಾದ ವಾಲ್ಟರ್ ಕ್ಲೇಟನ್ ಹಾರಿ ಅಡ್ಡ ಬಂದ. ಆ ಎದುರಾಳಿ ಚೆಂಡನ್ನು ಕೆಳಗೆ ಬಿಡಬೇಕಾಯಿತು, ನಿಯಮದ ಪ್ರಕಾರ ಮತ್ತೆ ಮುಟ್ಟುವಂತಿರಲಿಲ್ಲ. ಆ ಕ್ಲೇಟನ್ ಅಯೋನಾ ಎಂಬ ಚಿಕ್ಕ ಕಾಲೇಜಿನಿಂದ ಬಂದವನು. ಸಂಜೆ ಸರ್ ಆ ವಿಡಿಯೋವನ್ನು ಎಲ್ಲ ಮಕ್ಕಳಿಗೂ ನಾಲ್ಕು ಸಲ ತೋರಿಸಿದರು, ಕ್ಲೇಟನ್ ಕಾಲು ಎಲ್ಲಿತ್ತು ನೋಡಿ ಅಂತ.

ನಮ್ಮೂರಿನಲ್ಲಿ ಎನ್‌ಬಿಎ ಕೆಲಸವನ್ನು ಪಿಯುಸಿ ಸೈನ್ಸ್ ಮಾಡುತ್ತದೆ. ಎಸ್‌ಎಸ್‌ಎಲ್‌ಸಿ ಆಯ್ತು, ನೀಟ್ ಕೋಚಿಂಗ್ ಶುರುವಾಯ್ತು, ಮಗು ಕೋರ್ಟ್ ಕಡೆ ತಲೆ ಹಾಕುವುದಿಲ್ಲ. ಅಪ್ಪ ಅಮ್ಮಂದಿರನ್ನು ತಪ್ಪು ಅನ್ನಲಾರೆ, ನನ್ನ ಮಗಳ ವಿಷಯದಲ್ಲಿ ನಾನು ಏನು ಮಾಡುತ್ತೇನೋ ಇನ್ನೂ ಗೊತ್ತಿಲ್ಲ. ಸರ್ ಇದನ್ನು ಲೆಕ್ಕಕ್ಕೆ ತಗೊಂಡೇ ಕ್ಲಾಸ್ ನಡೆಸುತ್ತಾರೆ. ಅವರ ಹತ್ತಿರ ಮಂಡಿಯವರು ಇಟ್ಟುಕೊಳ್ಳುವಂಥ ಉದ್ದನೆಯ ಕೆಂಪು ಬಟ್ಟೆ ರಟ್ಟಿನ ಪುಸ್ತಕ ಇದೆ. ಅದರಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಕಾಲಂ. ಮಗು ಯಾವ ವರ್ಷ ಎಸ್‌ಎಸ್‌ಎಲ್‌ಸಿ ಬರೆಯುತ್ತದೋ ಆ ವರ್ಷದ ಕೆಳಗೆ ಹೆಸರು, ಪೆನ್ಸಿಲ್‌ನಲ್ಲಿ. ಬಿಟ್ಟು ಹೋದವರ ಹೆಸರು ಅಳಿಸಿದ ಗುರುತು ಹಾಗೇ ಕಾಣುತ್ತದೆ. ಯಾವುದಾದರೂ ಕಾಲಂನಲ್ಲಿ ಐದಕ್ಕಿಂತ ಕಡಿಮೆ ಹೆಸರಿದ್ದರೆ ಆ ಜೂನ್‌ನಲ್ಲಿ ಸರ್ ಸ್ಕೂಟರ್ ಹತ್ತಿ ಸರ್ಕಾರಿ ಶಾಲೆಗಳಿಗೆ ಹೋಗುತ್ತಾರೆ. ಪಿ.ಟಿ. ಪೀರಿಯಡ್‌ನಲ್ಲಿ ಮಕ್ಕಳಿಗೆ ಚೆಂಡು ಎಸೆದು ನೋಡುತ್ತಾರೆ. ಎತ್ತರ ಕೇಳುವುದಿಲ್ಲ. ಚೆಂಡು ಕೈ ತಪ್ಪಿದಾಗ ಯಾವ ಮಗು ಹಿಂದೆ ಓಡುತ್ತದೆ ಅಂತ ನೋಡುತ್ತಾರೆ.

ಅದಕ್ಕೇ ಈ ಕ್ಲಾಸಿನ ತಂಡ ಯಾವ ವರ್ಷವೂ ಅಬ್ಬರಿಸಿ ಗೆದ್ದಿದ್ದಿಲ್ಲ, ಯಾವ ವರ್ಷವೂ ಐದು ಜನ ಇಲ್ಲದೆ ನಿಂತಿದ್ದೂ ಇಲ್ಲ. ಟೂರ್ನಮೆಂಟ್ ಹತ್ತಿರ ಬಂದಾಗ ಹೊರಗಿಂದ ಎತ್ತರದ ಹುಡುಗರನ್ನು ಕರೆಸಿ ಕಪ್ ಎತ್ತುವ ಕ್ಲಾಸ್‌ಗಳನ್ನೂ ನೋಡಿದ್ದೇನೆ. ಅಲ್ಲಿ ಫೀಸು ಕೊಟ್ಟ ಮಗು ಬೆಂಚಿನಲ್ಲೇ ಕೂರುತ್ತದೆ.

ಕೊರತೆಗಳನ್ನೂ ಹೇಳಬೇಕು. ಹೆಣ್ಣುಮಕ್ಕಳಿಗೆ ಟಾಯ್ಲೆಟ್ ಇಲ್ಲ, ಎದುರು ಮನೆಯವರ ಉಪಕಾರದಿಂದ ನಡೆಯುತ್ತಿದೆ. ಇದು ಸಣ್ಣ ವಿಷಯ ಅಲ್ಲ, ಸರ್‌ಗೂ ಹೇಳಿದ್ದೇನೆ. ಮಳೆ ಬಂದರೆ ಎಡಗಡೆ ಕಂಬದ ಬುಡದಲ್ಲಿ ನೀರು ನಿಲ್ಲುತ್ತದೆ, ಅರ್ಧ ಗಂಟೆ ಕಸಬರಿಗೆಯಲ್ಲಿ ನೀರು ತಳ್ಳುವುದರಲ್ಲೇ ಹೋಗುತ್ತದೆ. ಒಂದು ರಿಂಗಿಗೆ ನೆಟ್ ಇಲ್ಲ. ಲೈಟ್ ಇಲ್ಲದ್ದರಿಂದ ಡಿಸೆಂಬರ್‌ನಲ್ಲಿ ಬೇಗ ಮುಗಿಸುತ್ತಾರೆ. ಸರ್ ಫೋನ್ ಎತ್ತುವುದು ಕಡಿಮೆ, ನೇರ ಹೋಗಿ ಮಾತಾಡಿ.

ಮಗು ಒಂಬತ್ತನೇ ತರಗತಿಯಲ್ಲಿದ್ದು, ಇದೇ ವರ್ಷ ಜಿಲ್ಲಾ ತಂಡಕ್ಕೆ ಆಯ್ಕೆ ಆಗಬೇಕು ಅಂತಿದ್ದರೆ ಇಲ್ಲಿ ನಿರಾಸೆ ಆಗುತ್ತದೆ. ಸರ್ ಗಮನ ಜಾಸ್ತಿ ಸಣ್ಣವರ ಮೇಲೆ. ನನ್ನ ಮಗಳಿಗೇ ಮೊದಲ ಎರಡು ತಿಂಗಳು ಶೂಟ್ ಮಾಡಲು ಬಿಡಲಿಲ್ಲ, ಅತ್ತುಕೊಂಡು ಮನೆಗೆ ಬಂದಿದ್ದಾಳೆ. ಈಗ ಶನಿವಾರದ ಪಂದ್ಯದಲ್ಲಿ ಎದುರಾಳಿ ಮೈಮೇಲೆ ಬಂದರೂ ಗಾಬರಿಯಾಗದೆ ತಿರುಗಿ ಪಾಸ್ ಕೊಡುತ್ತಾಳೆ.

5ಕ್ಕೆ 4 ಸ್ಟಾರ್. ಒಂದು ಕಳೆದಿದ್ದು ಟಾಯ್ಲೆಟ್‌ಗೆ.

ನಾಲ್ಕನೇ ತರಗತಿಯ ಮಗು ಮನೆಯಲ್ಲಿದ್ದರೆ ಈ ವಾರವೇ ಕರೆದುಕೊಂಡು ಹೋಗಿ. 2029ರ ಕಾಲಂನಲ್ಲಿ ನನ್ನ ಮಗಳದು ಮೂರನೇ ಹೆಸರು, ಅದು ತುಂಬಿದೆ. 2032ರ ಕೆಳಗೆ ಈಗ ಎರಡೇ ಹೆಸರಿವೆ.