ಎಕ್ಸಿಲರೇಟರ್ ಬಿಟ್ಟ ಮೇಲೂ ಟೂ ಸ್ಟ್ರೋಕ್ ಗಾಡಿಯ ರೇಸ್ ಇಳಿಯುತ್ತಿಲ್ವಾ? ಮೊದಲು ನಿಲ್ಲಿಸಿ, ಆಮೇಲೆ ಇದನ್ನು ಓದಿ

ಹಳೇ ಟೂ ಸ್ಟ್ರೋಕ್ ಬೈಕ್ ತಗೊಳ್ಳೋ ಯೋಚನೆಯಲ್ಲಿರುವವರು, ಈಗಷ್ಟೇ ತಗೊಂಡು ಖುಷಿಯಲ್ಲಿರುವವರು ದಯವಿಟ್ಟು ಇದನ್ನು ಓದಿ. ನಾನು ಒಂದೇ ಗಾಡಿಯ ಎಂಜಿನ್ನನ್ನು ಎರಡು ಸಲ ಸೀಜ್ ಮಾಡಿಕೊಂಡೆ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು ಎಂಜಿನ್ ನಿಂತೇಹೋಯಿತು. ಎರಡು ಸಲವೂ ಕಾರಣ ಒಂದೇ. ಮೊದಲನೇದು ಗೊತ್ತಿಲ್ಲದೆ ಆಗಿದ್ದು ಅಂತ ಬಿಡೋಣ, ಎರಡನೇದು ನನ್ನ ದಡ್ಡತನ.

ಗಾಡಿ ಯಾವುದು ಅಂತ ಹೇಳಲ್ಲ. ತಪ್ಪು ಗಾಡಿಯದ್ದಲ್ಲ. ಜಾವಾ ಇರಲಿ, ಯಮಾಹಾ ಇರಲಿ, ಸುಜುಕಿ ಇರಲಿ, ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಭಾಗದ ಪೆಟ್ಟಿಗೆ, ಪಿಸ್ಟನ್ನಿನ ಜೊತೆ ತಿರುಗುವ ಕ್ರ್ಯಾಂಕ್ ಇರುವುದು ಇದರಲ್ಲೇ) ಒಳಗಿಂದ ಉಸಿರಾಡುವ ಎಂಜಿನ್ ಆಗಿದ್ದರೆ ಅದಕ್ಕೂ ಇದೇ ಕಥೆ. ನನ್ನದು ಒಂಟಿ ಸಿಲಿಂಡರಿನ ಗಾಡಿ, ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಓಡಿಸುವಂಥದ್ದು. ಎಷ್ಟೋ ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಮಾರಿದವರು ಹತ್ತು ಸಲ ಹೇಳಿದ್ದು ಒಂದೇ ಮಾತು: "ಎಂಜಿನ್ ಒಂದು ಸಲಾನೂ ಬಿಚ್ಚಿಲ್ಲ ಸರ್, ಕಂಪನಿ ಫಿಟ್ಟಿಂಗ್ ಹಾಗೇ ಇದೆ."

ನಾನು ಬಿದ್ದದ್ದೇ ಆ ಮಾತಿಗೆ. ಬಿಚ್ಚಿಲ್ಲ ಅಂದರೆ ಒಳಗಿರುವ ರಬ್ಬರಿಗೂ ಗಾಡಿಯಷ್ಟೇ ವಯಸ್ಸಾಗಿದೆ ಅಂತ ಅರ್ಥ. ಅದು ನನಗೆ ಅವತ್ತು ಹೊಳೆಯಲಿಲ್ಲ.

ಎರಡನೇ ಕಿಕ್ಕಿಗೇ ಸ್ಟಾರ್ಟ್ ಆಯಿತು. ಆ ಹೊಗೆ, ಆ ಟಣ್ ಟಣ್ ಸದ್ದು, ಯಾರಿಗಾದರೂ ಮನಸ್ಸು ಸೋಲುತ್ತೆ ಬಿಡಿ. ಮೊದಲ ವಾರ ಒಂದೇ ಒಂದು ತೊಂದರೆ ಕಂಡಿತು. ಎಂಜಿನ್ ಬಿಸಿಯಾದ ಮೇಲೆ ಎಕ್ಸಿಲರೇಟರ್ ಬಿಟ್ಟರೆ ರೇಸ್ ತಕ್ಷಣ ಇಳಿಯುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಮೂರು ನಾಲ್ಕು ಸೆಕೆಂಡು ಕೂಗುತ್ತಾ ಇದ್ದು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಕೆಳಗಿಳಿಯುತ್ತಿತ್ತು. ಕೇಬಲ್ ಬಿಗಿಯಾಗಿರಬೇಕು ಅಂದುಕೊಂಡು ಎಣ್ಣೆ ಬಿಟ್ಟೆ. ಕೇಬಲ್ ಸರಿಯಾಗೇ ಇತ್ತು.

ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಸ್ಲೋ ಸ್ಕ್ರೂ ಸ್ವಲ್ಪ ಬಿಚ್ಚಿ, ಏರ್ ಸ್ಕ್ರೂ ಸ್ವಲ್ಪ ತಿರುಗಿಸಿ, ಒಂದು ಸೈಜು ದೊಡ್ಡ ಮೇನ್ ಜೆಟ್ (ಪೆಟ್ರೋಲ್ ಹಾದು ಹೋಗುವ ಸಣ್ಣ ತೂತಿರುವ ತುಂಡು) ಹಾಕಿ, "ಕಾರ್ಬೊರೇಟರ್ ಟ್ಯೂನಿಂಗ್ ಅಷ್ಟೇ ಸರ್" ಅಂದರು. ಸದ್ದು ಕಮ್ಮಿ ಆಯಿತು, ನನಗೂ ಸಮಾಧಾನ ಆಯಿತು. ಪ್ಲಗ್ ಬಿಚ್ಚಿ ನೋಡಿದಾಗ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಕಂದು ಬಣ್ಣ ಇರಬೇಕು ಅಂತ ಓದಿದ್ದೆ. ಆದರೂ ಗಾಡಿ ಚೆನ್ನಾಗಿ ಎಳೀತಿದೆಯಲ್ಲ ಅಂತ ಸುಮ್ನೆ ಇದ್ದೆ. ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆದಾಗ ಗಾಡಿ ಚುರುಕಾಗಿ ಓಡುತ್ತೆ, ಸೀಜ್ ಆಗುವ ಹಿಂದಿನ ನಿಮಿಷದವರೆಗೂ ಓಡುತ್ತೆ.

ಒಬ್ಬ ಗೆಳೆಯ "ಆಯಿಲ್ ಜಾಸ್ತಿ ಹಾಕು, ಸೇಫ್" ಅಂದ. ಲೀಟರಿಗೆ 25 ಮಿ.ಲೀ. ಹಾಕುತ್ತಿದ್ದವನು 50ಕ್ಕೆ ಏರಿಸಿದೆ. ಈ ಸಲಹೆ ಎಲ್ಲರೂ ಕೊಡುತ್ತಾರೆ, ಒಳ್ಳೆ ಮನಸ್ಸಿನಿಂದಲೇ ಕೊಡುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಜೆಟ್ಟಿನ ತೂತು ಅಷ್ಟೇ ಇದೆ. ಅದರಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಅಷ್ಟು ಕಮ್ಮಿ ಹೋಗುತ್ತೆ. ಮೊದಲೇ ಗಾಳಿ ಜಾಸ್ತಿ ಇದ್ದ ಎಂಜಿನ್ನಿಗೆ ನಾನು ಪೆಟ್ರೋಲನ್ನು ಇನ್ನೂ ಸ್ವಲ್ಪ ಕಡಿಮೆ ಮಾಡಿದೆ. (ಈ ಅಳತೆಯ ರಗಳೆಯೇ ಬೇಡ ಅಂತ ಯಮಾಹಾ 1964ರಲ್ಲಿ ಆಯಿಲ್ಲನ್ನು ತಾನೇ ಅಳೆದು ಎಂಜಿನ್ನಿಗೆ ಹಾಕುವ ಆಟೋಲ್ಯೂಬ್ ಪಂಪು ತಂದಿತು. ಅದು ಇರುವವರು ನಿಶ್ಚಿಂತೆಯಾಗಿರಬೇಡಿ, ಅದರ ಪ್ಲಾಸ್ಟಿಕ್ ಪೈಪುಗಳಿಗೂ ವಯಸ್ಸಾಗಿರುತ್ತೆ, ಒಮ್ಮೆ ಮುಟ್ಟಿ ನೋಡಿ.) ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಬೆರೆಸಿರುತ್ತಾರೆ. ಶುದ್ಧ ಪೆಟ್ರೋಲ್ ಒಂದು ಪಾಲು ಸರಿಯಾಗಿ ಉರಿಯೋಕೆ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಪಾಲು ಸಾಕು. ಹಾಗಾಗಿ ಹಳೇ ಕಾಲದ ಜೆಟ್ಟಿಗೆ ಇವತ್ತಿನ ಪೆಟ್ರೋಲ್ ಹಾಕಿದರೆ ಅಲ್ಲೂ ಒಂದಿಷ್ಟು ಗಾಳಿಯೇ ಜಾಸ್ತಿ. ಇವೆಲ್ಲ ಸಣ್ಣ ಸಣ್ಣವು. ನನ್ನ ಎಂಜಿನ್ನಿನಲ್ಲಿ ಎಲ್ಲ ಒಟ್ಟಿಗೆ ಸೇರಿದ್ದವು.

ಒಂದು ಭಾನುವಾರ ಬೆಳಗ್ಗೆ, ಖಾಲಿ ರಸ್ತೆ, ಗಂಟೆಗೆ 70 ಕಿ.ಮೀ. ವೇಗ. ಅರ್ಧ ಎಕ್ಸಿಲರೇಟರಿನಲ್ಲಿ ಅರ್ಧ ಗಂಟೆಯಿಂದ ಹಾಗೇ ಹೋಗುತ್ತಿದ್ದೆ. ಯಾರೋ ಹಿಂದಿನಿಂದ ಗಾಡಿ ಹಿಡಿದು ಎಳೆದ ಹಾಗಾಯಿತು. ಎಂಜಿನ್ ಸದ್ದು ಸ್ವಲ್ಪ ಮಂಕಾಯಿತು. ಇದೇನು ಅಂತ ಎಕ್ಸಿಲರೇಟರ್ ಇಳಿಸಿದೆ, ಅಷ್ಟೇ. ಕಿರ್ರ್ ಅಂತ ಹಿಂದಿನ ಚಕ್ರ ಲಾಕ್. ಗಾಡಿಯ ಹಿಂಭಾಗ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಕ್ಲಚ್ ಹಿಡಿಯಬೇಕು ಅಂತ ತಲೆಗೆ ಹೊಳೆಯುವಷ್ಟರಲ್ಲಿ ರಸ್ತೆ ಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ ಬಿದ್ದಿತ್ತು. ಬೀಳಲಿಲ್ಲ. ಹಿಂದೆ ಲಾರಿ ಇರಲಿಲ್ಲ. ಎರಡೂ ನನ್ನ ಜಾಣ್ಮೆಯಲ್ಲ.

ಇಲ್ಲೇ ಇನ್ನೊಂದು ತಪ್ಪು ಮಾಡಿದೆ. ಹದಿನೈದು ನಿಮಿಷ ಬಿಟ್ಟು ಕಿಕ್ಕರ್ ಒತ್ತಿದರೆ ಆಡಿತು! ತಣ್ಣಗಾದ ಪಿಸ್ಟನ್ ಕುಗ್ಗಿ ಬಿಟ್ಟುಕೊಂಡಿತ್ತು. ಸ್ಟಾರ್ಟ್ ಕೂಡ ಆಯಿತು. ಹಾಗೇ ನಿಧಾನಕ್ಕೆ ಮನೆಗೆ ಓಡಿಸಿಕೊಂಡು ಬಂದೆ. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಮೆತ್ತಿಕೊಂಡಿರುವಾಗ ಹಾಗೆ ಓಡಿಸಿದರೆ ಉಳಿದಿದ್ದೂ ಗೀಚಿ ಹೋಗುತ್ತೆ. ಒಂದು ಸಲ ಸೀಜ್ ಆದರೆ ತಳ್ಳಿಕೊಂಡು ಬನ್ನಿ, ಇಲ್ಲಾ ಟೆಂಪೋಗೆ ಹಾಕಿ.

ಬ್ಲಾಕ್ (ಸಿಲಿಂಡರ್) ಎತ್ತಿ ನೋಡಿದಾಗ ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈ ಪೂರ್ತಿ ಉಜ್ಜಿ ಹೋಗಿತ್ತು, ಮೇಲಿನ ರಿಂಗ್ ತಾನು ಕೂರುವ ಕಚ್ಚಿನೊಳಗೇ ಹೂತುಕೊಂಡಿತ್ತು. ಇನ್ನೊಂದು ಪಕ್ಕ ಹೊಸದರ ಹಾಗಿತ್ತು. ಗಾಳಿ ಜಾಸ್ತಿಯಾಗಿ, ಬಿಸಿ ಏರಿ ಸೀಜ್ ಆದರೆ ಗುರುತು ಹೆಚ್ಚಾಗಿ ಹೀಗೆ ಸೈಲೆನ್ಸರ್ ಕಡೆಯೇ ಇರುತ್ತೆ. ಎಂಜಿನ್ ಬಿಸಿಯಾಗುವ ಮೊದಲೇ ಜೋರಾಗಿ ಎಳೆದು ಸೀಜ್ ಮಾಡಿದರೆ ಸಾಮಾನ್ಯವಾಗಿ ಪಿಸ್ಟನ್ನಿನ ಸುತ್ತ ನಾಲ್ಕು ಕಡೆಯೂ ಗೆರೆ. ಅಂದರೆ ಪಿಸ್ಟನ್ ನನಗೆ ಕಾರಣ ಹೇಳುತ್ತಲೇ ಇತ್ತು. ನಾನೂ ಕೇಳಲಿಲ್ಲ, ಮೆಕ್ಯಾನಿಕ್ಕೂ ಕೇಳಲಿಲ್ಲ. "ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದ್ರೆ ಮುಗೀತು ಸರ್, ಕೆಳಗಿನ ಕೆಲಸ ಸುಮ್ನೆ ಯಾಕೆ" ಅಂದರು. ನನಗೂ ಅದೇ ಬೇಕಿತ್ತು. ಕ್ರ್ಯಾಂಕ್‌ಕೇಸ್ ಬಿಚ್ಚುವುದು ಅಂದರೆ ದುಡ್ಡು, ಸಮಯ, ತಲೆನೋವು. ಯಾರಾದರೂ ಬೇಡ ಅಂದರೆ ಸಾಕು ಅಂತ ಕಾಯುತ್ತಿದ್ದೆ.

ಹೊಸ ಪಿಸ್ಟನ್ನಿಗೆ ರನ್ನಿಂಗ್ ಇನ್ ಎಷ್ಟು ಶ್ರದ್ಧೆಯಿಂದ ಮಾಡಿದೆ ಅಂದರೆ, ಐವತ್ತು ದಾಟಿಸಲಿಲ್ಲ, ಹಿಂದೆ ಯಾರನ್ನೂ ಕೂರಿಸಲಿಲ್ಲ, ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ತಣ್ಣಗಾಗೋಕೆ ಬಿಟ್ಟೆ. 340ನೇ ಕಿಲೋಮೀಟರಿಗೆ ಮತ್ತೆ ಸೀಜ್. ಈ ಸಲ ಉದ್ದದ ಇಳಿಜಾರಿನಲ್ಲಿ, ಎಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಎಂಜಿನ್ ಬ್ರೇಕಿನಲ್ಲಿ ಇಳಿಯುವಾಗ. ಪೆಟ್ರೋಲ್ ಜೊತೆಗೇ ಆಯಿಲ್ ಹೋಗುವ ಗಾಡಿಯಲ್ಲಿ ಎಕ್ಸಿಲರೇಟರ್ ಮುಚ್ಚಿದರೆ ಆಯಿಲ್ಲೂ ಬಂದ್, ಚಕ್ರ ಮಾತ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತೆ. ಗಾಡಿ ಚೆನ್ನಾಗಿದ್ದರೂ ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಂದೊಂದು ಸಲ ರೇಸ್ ಕೊಡುತ್ತಾ ಇಳಿಯಬೇಕು. ಈ ಸಲ ಎರಡು ಬೆರಳು ಕ್ಲಚ್ ಮೇಲೇ ಇದ್ದವು, ಚಕ್ರ ಲಾಕ್ ಆಗುವ ಮೊದಲೇ ಹಿಡಿದೆ. ಕಲಿತದ್ದು ಅಷ್ಟು.

ಆಮೇಲೆ ಬೇರೊಬ್ಬರು ಹಿರಿಯರ ಹತ್ತಿರ ಹೋದೆ. ಅವರು ಕಾರ್ಬೊರೇಟರ್ ಕಡೆ ನೋಡಲೂ ಇಲ್ಲ. "ರೇಸ್ ಇಳೀತಿತ್ತಾ?" ಅಂತ ಕೇಳಿದರು. ಇಲ್ಲ ಅಂದೆ. "ಪ್ಲಗ್ ಬೆಳ್ಳಗಿತ್ತಾ?" ಹೌದು ಅಂದೆ. "ಬಿಸಿ ಇದ್ದಾಗ ಚೋಕ್ ಎಳೆದ್ರೆ ಸ್ಲೋ ಚೆನ್ನಾಗಿ ನಿಲ್ತಿತ್ತಾ?" ಅದನ್ನು ನಾನು ನೋಡಿಯೇ ಇರಲಿಲ್ಲ. ಬಿಸಿ ಎಂಜಿನ್ನಿಗೆ ಚೋಕ್ ಎಳೆದಾಗ ಉಸಿರು ಕಟ್ಟಬೇಕು. ಅದರ ಬದಲು ಹಾಯಾಗಿ ಓಡಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತಲೇ ಅರ್ಥ.

ಎಂಜಿನ್ ಎಲ್ಲಿಂದಲಾದರೂ ಗಾಳಿ ಸೋರುತ್ತಾ ಅಂತ ನೋಡೋಕೆ ಬ್ಲಾಕ್ ಮತ್ತೆ ಕೂರಿಸಿ, ಪಿಸ್ಟನ್ ಪೂರ್ತಿ ಕೆಳಗೆ ನಿಲ್ಲಿಸಿದರು. ಸೈಲೆನ್ಸರ್ ಬಾಯಿಗೆ ರಬ್ಬರ್ ಹಾಳೆ ಇಟ್ಟು ತಗಡು ಬಿಗಿದರು. ಕಾರ್ಬೊರೇಟರ್ ತೆಗೆದು ಅಲ್ಲಿಗೊಂದು ಬಿರಡೆ. ಹಳೇ ಪ್ಲಗ್ಗಿನ ಹೊಟ್ಟೆ ತೆಗೆದು ನಳಿಕೆ ಬೆಸುಗೆ ಹಾಕಿಟ್ಟುಕೊಂಡಿದ್ದರು, ಅದನ್ನು ಪ್ಲಗ್ ಜಾಗಕ್ಕೆ ಹಾಕಿದರು. ಗಾಳಿ ತುಂಬೋಕೆ ತಂದದ್ದು ಬಿಪಿ ನೋಡುವ ಉಪಕರಣದ ರಬ್ಬರ್ ಬುರುಡೆ ಮತ್ತು ಮೀಟರು! ಅದರಲ್ಲಿ 300 ಅಂದರೆ ಹತ್ತಿರ ಹತ್ತಿರ 6 ಪಿಎಸ್ಐ, ಈ ಪರೀಕ್ಷೆಗೆ ಸರಿಯಾಗಿ ಅಷ್ಟೇ ಬೇಕು. ಅದಕ್ಕಿಂತ ತುಂಬಾ ಜಾಸ್ತಿ ತುಂಬಿದರೆ ಒಳ್ಳೆ ಸೀಲನ್ನೇ ಹೊರಗೆ ತಳ್ಳಿಬಿಡಬಹುದು. ಆ ಒತ್ತಡ ಆರು ನಿಮಿಷವಾದರೂ ಇಳಿಯದೆ ನಿಲ್ಲಬೇಕು ಅನ್ನೋದು ಈ ಕೆಲಸದವರ ರೂಢಿ. ನನ್ನದು ಅರ್ಧ ನಿಮಿಷವೂ ನಿಲ್ಲಲಿಲ್ಲ, ಮುಳ್ಳು ಕಣ್ಣೆದುರೇ ಜಾರಿತು.

ಕ್ರ್ಯಾಂಕಿನ ತುದಿಯಲ್ಲಿ ತಿರುಗುತ್ತಾ ಕರೆಂಟ್ ಕೊಡುವ ಮ್ಯಾಗ್ನೆಟ್ ಬಿಚ್ಚಿ (ಪುಲ್ಲರ್ ಹಾಕಿಯೇ ಬಿಚ್ಚಬೇಕು, ಸುತ್ತಿಗೆಯಿಂದ ಹೊಡೆಯಲು ಬಿಡಬೇಡಿ, ಕ್ರ್ಯಾಂಕ್ ಹೊರಳುತ್ತೆ) ಹಿಂದೆ ಬ್ರಶ್ಶಿನಿಂದ ಸೋಪಿನ ನೀರು ಹಚ್ಚಿದರು. ಕ್ರ್ಯಾಂಕಿನ ಸುತ್ತ ಬುಸುಬುಸು ನೊರೆ ಎದ್ದಿತು. ಅಲ್ಲಿ ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು. ರಬ್ಬರಿನ ತುಟಿ ಉಗುರಿನಷ್ಟು ಗಟ್ಟಿ. ಒತ್ತಿದರೆ ಬಾಗಲಿಲ್ಲ, ಚೂರು ಮುರಿದು ಬಂತು.

ಇಷ್ಟು ದಿನ ಎಂಜಿನ್ ಆ ಸಂದಿನಿಂದ ಕದ್ದು ಗಾಳಿ ಕುಡಿಯುತ್ತಿತ್ತು. ಕಾರ್ಬೊರೇಟರ್ ಮುಚ್ಚಿದರೂ ಆ ಗಾಳಿ ಮುಚ್ಚುವುದಿಲ್ಲ, ರೇಸ್ ಇಳಿಯದೇ ಇದ್ದದ್ದು ಅದಕ್ಕೆ. ದೊಡ್ಡ ಜೆಟ್ ಹಾಕಿದಾಗ ಪೂರ್ತಿ ಎಕ್ಸಿಲರೇಟರಿನಲ್ಲಿ ಮಾತ್ರ ಸ್ವಲ್ಪ ಸರಿಹೋಗಿ, ಉಳಿದ ಕಡೆ ರೋಗ ಹಾಗೇ ಉಳಿಯಿತು. ಕ್ಲಚ್ ಕಡೆಯ ಸೀಲ್ ಹೋದರೆ ಇನ್ನೊಂದು ಥರ: ಗೇರ್ ಆಯಿಲ್ಲನ್ನೇ ಎಳೆದುಕೊಂಡು ಸುಡುತ್ತೆ, ಹೊಗೆ ನಿಲ್ಲಲ್ಲ, ಗೇರ್ ಆಯಿಲ್ ಎಲ್ಲೂ ಸೋರದೆ ಕಮ್ಮಿಯಾಗುತ್ತೆ. ಅದು ಕಣ್ಣಿಗಾದರೂ ಕಾಣುತ್ತೆ. ಮ್ಯಾಗ್ನೆಟ್ ಕಡೆಯದು ಕಾಣಲ್ಲ.

ಸೀಲ್ ಜೋರಾಗಿ ಹೋಗಿದ್ದರೆ ಗಾಡಿ ತಾನಾಗೇ ಕೂಗುತ್ತಾ ಏರಬಹುದು, ಕೀ ತೆಗೆದರೂ ಕೆಲವು ಸಲ ನಿಲ್ಲಲ್ಲ. ಆಗ ಗಾಬರಿಯಾಗಬೇಡಿ. ಚೋಕ್ ಎಳೆಯಿರಿ. ಅದಕ್ಕೂ ಬಗ್ಗದಿದ್ದರೆ ಟಾಪ್ ಗೇರ್ ಹಾಕಿ, ಎರಡೂ ಬ್ರೇಕ್ ಬಿಗಿಯಾಗಿ ಹಿಡಿದು ಕ್ಲಚ್ ಬಿಡಿ.

ಎರಡೂ ಕಡೆ ಹೊಸ ಸೀಲ್ ಹಾಕಿಸಿದೆ, ಎಥನಾಲ್ ತಡೆಯಲಿ ಅಂತ ವೈಟಾನ್ ರಬ್ಬರಿನದ್ದು. ಕೆಲವು ಎಂಜಿನ್ನಿನಲ್ಲಿ ಹೊರಗಿನಿಂದಲೇ ಬದಲಿಸಬಹುದು, ನನ್ನದರಲ್ಲಿ ಕೇಸ್ ಬಿಚ್ಚಲೇಬೇಕಾಯಿತು. ಬಿಚ್ಚಿದ ಮೇಲೆ ಬೇರಿಂಗಿನಲ್ಲಿ ತುಕ್ಕು ಕಂಡಿತು, ಅದನ್ನೂ ಬದಲಿಸಿದೆ. ಇನ್ನೊಂದು ಓವರ್‌ಸೈಜ್ ಪಿಸ್ಟನ್. ಹಳೇ ಜೆಟ್ಟನ್ನೇ ವಾಪಸ್ ಹಾಕಿ, ಪ್ಲಗ್ ನೋಡಿಕೊಂಡು ಸರಿಮಾಡಿದೆವು, ಆಯಿಲ್ ಮತ್ತೆ ಲೀಟರಿಗೆ 25 ಮಿ.ಲೀ. ಈಗ ಎಕ್ಸಿಲರೇಟರ್ ಬಿಟ್ಟರೆ ರೇಸ್ ಕಲ್ಲು ಬಿದ್ದ ಹಾಗೆ ಇಳಿಯುತ್ತೆ.

ಹೋದ ತಿಂಗಳು ಒಬ್ಬ ಗೆಳೆಯನ ಜೊತೆ ಅವನಿಗೊಂದು ಗಾಡಿ ನೋಡಲು ಹೋಗಿದ್ದೆ. ಚೆಂದದ ಗಾಡಿ, ಹೊಸ ಬಣ್ಣ, ಹೊಳೆಯುವ ಸೈಲೆನ್ಸರ್. ಮಾರುವವರು ಹೆಮ್ಮೆಯಿಂದ "ಎಂಜಿನ್ ಬಿಚ್ಚೇ ಇಲ್ಲ ಸರ್" ಅಂದರು. ನಾನು ಬ್ಯಾಗಿನಿಂದ ಬಿಪಿ ಬುರುಡೆ ತೆಗೆದು, ಒಂದರ್ಧ ಗಂಟೆ ಟೈಮ್ ಕೊಡ್ತೀರಾ ಅಂತ ಕೇಳಿದೆ. ಅವರು ಗೆಳೆಯನ ಕಡೆ ತಿರುಗಿ, "ಇವರು ಡಾಕ್ಟರಾ?" ಅಂದರು.