ಸ್ವಿಂಗ್ ಚೇಂಜ್: ಒಂದೊಂದಾಗೋ, ಪೂರ್ತಿನೋ?

ಮೈಸೂರಲ್ಲಿ ಚಾಮುಂಡಿ ಬೆಟ್ಟದ ಕಡೆ ಗಾಲ್ಫ್ ಆಡೋರು ಸ್ವಿಂಗ್ (ಕೋಲು ಬೀಸೋ ರೀತಿ) ಬದಲಾಯಿಸೋಕೆ ಹೊರಟ್ರೆ ಎರಡು ದಾರಿ ಇದೆ. ಒಂದು, ಬರೀ ಗ್ರಿಪ್ಪೋ (ಕೋಲು ಹಿಡಿಯೋ ರೀತಿ) ನಿಲ್ಲೋ ರೀತಿನೋ ಹಿಡ್ಕೊಂಡು ಅದು ಕೈಗೆ ಕೂರೋವರ್ಗೂ ಬೇರೇದು ಮುಟ್ಟದೇ ಇರೋದು, ಇದ್ರಲ್ಲಿ ಬಾಲು ಒಂದ್ಸಲ ಎಡಕ್ಕೆ ಒಂದ್ಸಲ ಬಲಕ್ಕೆ ಹೋದ್ರೂ ಯಾಕೆ ಅಂತ ಹುಡುಕೋದು ಸುಲಭ, ವಾರದ ಆಟಾನೂ ನಿಲ್ಲಲ್ಲ. ಇನ್ನೊಂದು ಪೂರ್ತಿ ಬಿಚ್ಚಿ ಕಟ್ಟೋದು. ಟೈಗರ್ ವುಡ್ಸ್ 1997ರಲ್ಲಿ ಮಾಸ್ಟರ್ಸ್ ಅನ್ನೋ ದೊಡ್ಡ ಟೂರ್ನಿನ 12 ಸ್ಟ್ರೋಕ್ (ಹೊಡೆತ) ಅಂತರದಿಂದ ಗೆದ್ದ ಮೇಲೂ ಹಾಗೇ ಮಾಡಿದ್ರು, 1998ರಲ್ಲಿ ಪಿಜಿಎ ಟೂರಲ್ಲಿ (ಅಮೆರಿಕದ ವೃತ್ತಿಪರ ಟೂರ್ನಿಗಳ ಸರಣಿ) ಒಂದೇ ಗೆಲುವು, 1999ರಲ್ಲಿ 8! ಆದ್ರೆ ಅವ್ರಿಗೆ ಅದೇ ಕೆಲ್ಸ, ಕೋಚೂ ಜೊತೇಲೇ. ಭಾನುವಾರ ಮಾತ್ರ ಬಿಡುವಿರೋರಿಗೆ ಮೊದಲ್ನೇದೇ ಸರಿ ಅಂತೀನಿ, ಅದೂ ರೇಂಜಲ್ಲಿ (ಪ್ರಾಕ್ಟೀಸ್ ಮಾಡೋ ಜಾಗ) ಅರ್ಧ ಸ್ವಿಂಗಲ್ಲಿ, ನಿಧಾನಕ್ಕೆ. ಕೋರ್ಸಿಗೆ ಇಳಿದ ದಿನ ಟೆಕ್ನಿಕ್ ಯೋಚ್ನೆ ಬೇಡ, ಟಾರ್ಗೆಟ್ ನೋಡಿ ಹೊಡೀರಿ.